ಚಂದ್ಯಾನ ತಪ್ಪು

ಅತನೂರ, 27 ಜೂನ್ 1988, ಸೋಮವಾರ

ಶಾಲೆಯಿಂದ ಬಂದು ಒಳಗೆ ಕಾಲಿಟ್ಟೆನೋ ಇಲ್ಲವೋ, ಅಂಗಾಲಿಗೆ ತಣ್ಣಗೆ ಹತ್ತಿತು. ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ, ಹಿತ್ತಲ ಬಾಗಿಲಿಗೆ ಹೋಗುವ ದಾರಿಯಲ್ಲಿ ತಟ್ಟೆಯಗಲ ಉಚ್ಚೆ. ಚಂದ್ಯಾ ಕಂಬದ ಬಳಿ ಮಲಗಿ ನನ್ನನ್ನು ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಆರು ತಿಂಗಳ ನಾಯಿ, ಮಾಡಿದರೆ ಮಾಡಿತು. ಆದರೆ ಮಾರ್ಚಿನಿಂದ ಈ ತನಕ ಒಳಗೆ ಒಂದು ಹನಿ ಬೀಳಿಸಿದ್ದಿಲ್ಲ. ಫೆಬ್ರುವರಿಯಲ್ಲಿ ಇವರು ಅದನ್ನು ಕೈಚೀಲದಲ್ಲಿ ಹಾಕಿಕೊಂಡು ತಂದಾಗ ಬೆಕ್ಕಿನಷ್ಟಿತ್ತು. ಇವರು ಜೇವರ್ಗಿಯಲ್ಲಿ ಸರ್ವೇಯರು. ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುವವರು. ಮಕ್ಕಳಿಲ್ಲದ ಮನೆ, ನಾನು ಮತ್ತು ಅತ್ತೆ ಇಬ್ಬರೇ. "ಹೆಣ್ಮಕ್ಕಳಿಬ್ರೇ ಇರ್ತೀರಿ, ಬಾಗಲಾಗ ಒಂದು ಸಪ್ಪಳ ಇರಲಿ" ಎಂದು ತಂದದ್ದು. ಲಿಂಗಪೂಜೆ ಮಾಡುವ ಮನೆಯೊಳಗೆ ನಾಯಿ ಬೇಡವೆಂದು ಎರಡು ದಿನ ಮುನಿಸಿಕೊಂಡಿದ್ದ ಅತ್ತೆಯೇ ಮೂರನೆಯ ದಿನ ಹಣೆಯ ಬಿಳಿ ಮಚ್ಚೆ ನೋಡಿ ಚಂದ್ಯಾ ಎಂದು ಹೆಸರಿಟ್ಟರು.

ಹೊರಗೆ ಹೋಗುವುದನ್ನು ಕಲಿಸಿದವಳು ನಾನು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ದಣಿದ ಕೂಡಲೇ ಎತ್ತಿಕೊಂಡು ಹಿತ್ತಲ ಬೇವಿನ ಬುಡಕ್ಕೆ ಒಯ್ಯುವುದು. ಮಾಡುವ ತನಕ ನಿಲ್ಲುವುದು. ಮಾಡಿದರೆ ಒಂದು ಚೂರು ರೊಟ್ಟಿ. ಹದಿನೈದೇ ದಿನಕ್ಕೆ ಕಲಿತುಬಿಟ್ಟಿತು. ಹದಿನಾರು ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೇನೆ, ಇಷ್ಟು ಬೇಗ ಕಲಿತವರು ಯಾರೂ ಇಲ್ಲ.

"ಚಂದ್ಯಾ, ಏನಿದು?" ಎಂದು ಗದರಿಸಿದೆ. ಅತ್ತೆ ಮಂಚದ ಮೇಲೆ ಕುಳಿತಿದ್ದರು. ಏನೋ ಹೇಳಲು ಬಾಯಿ ತೆರೆದವರು, "ಸಣ್ಣದದ, ಬಿಡು" ಎಂದಷ್ಟೇ ಅಂದರು.

30 ಜೂನ್, ಗುರುವಾರ

ಮತ್ತೆ. ಈ ಸಲ ಬೆಳಿಗ್ಗೆ ಏಳುವಷ್ಟರಲ್ಲಿ, ಅದೇ ಜಾಗದಲ್ಲಿ. ಚಂದ್ಯಾನ ಕುತ್ತಿಗೆ ಹಿಡಿದು ಎಳೆದು ತಂದು ಮೂಗನ್ನು ಅದರಲ್ಲಿ ಒತ್ತಿ ತಿಕ್ಕಿದೆ. ಹಾಗೆ ಮಾಡಿದರೆ ಬುದ್ಧಿ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ಬಡಿಗೆಯಿಂದ ಎರಡೇಟು ಕೊಟ್ಟೆ. ಕುಂಯ್ಯೆನ್ನುತ್ತ ಅತ್ತೆಯ ಮಂಚದ ಕೆಳಗೆ ಹೋಗಿ ಸೇರಿತು.

ಇಂದು ಶಾಲೆಯಲ್ಲೂ ಇದೇ ಕತೆ. ಎರಡನೆಯ ತರಗತಿಯ ನಿಂಬೆವ್ವ ಕುಳಿತಲ್ಲೇ ಒಂದಕ್ಕೆ ಮಾಡಿಕೊಂಡಳು. ಎರಡು ಸಲ ಕೇಳಿದ್ದಳು, ಲೆಕ್ಕ ಮುಗಿಯಲಿ ಎಂದು ನಾನು ಬಿಟ್ಟಿರಲಿಲ್ಲ. ಅವಳಿಂದಲೇ ನೆಲ ಒರೆಸಿಸಿ, ಊಟದ ಗಂಟೆಯ ತನಕ ಹೊರಗೆ ನಿಲ್ಲಿಸಿದೆ. ಇನ್ನೊಮ್ಮೆ ಯಾರೂ ಹಾಗೆ ಮಾಡುವುದಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅತ್ತೆಗೆ ಇದನ್ನೆಲ್ಲ ಹೇಳಿದೆ. "ಮನ್ಯಾಗೂ ಅದೇ, ಸಾಲ್ಯಾಗೂ ಅದೇ ಆಗೇದ ನೋಡ್ರಿ" ಎಂದು ನಕ್ಕೆ. ಅತ್ತೆ ನಗಲಿಲ್ಲ. ಅರ್ಧ ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದರು.

4 ಜುಲೈ, ಸೋಮವಾರ

ನಿನ್ನೆಯೂ ಆಯಿತು, ಇಂದೂ ಆಯಿತು. ಫಿನಾಯಿಲ್ ಹಾಕಿ ತಿಕ್ಕಿ ತೊಳೆದರೂ ಸಂಜೆಗೆ ಆ ಜಾಗದಲ್ಲಿ ಕೆಂಪಿರುವೆಯ ಸಾಲು. ಮಳೆಗಾಲ, ಇರುವೆಗಳಿಗೆ ಮನೆಯೇ ಬೇಕು.

ಅತ್ತೆ ಒಳಕೋಣೆಯಲ್ಲಿ ಧಗೆ ಎಂದು ಪಡಸಾಲೆಗೆ ಹಾಸಿಗೆ ತಂದಿದ್ದಾರೆ. ಜುಲೈನಲ್ಲಿ ಎಂಥ ಧಗೆಯೋ. ಈಚೆಗೆ ಅವರಿಗೆ ಭಕ್ತಿಯೂ ಹೆಚ್ಚಿದೆ: ಬೆಳಿಗ್ಗೆ ಒಂದು ಸ್ನಾನ, ಮಧ್ಯಾಹ್ನ ಒಂದು. ಸೀರೆಯನ್ನು ನನಗೆ ಮುಟ್ಟಲೂ ಕೊಡದೆ ತಾವೇ ಹಿಂಡಿ ಒಣಹಾಕುತ್ತಾರೆ. ಅರವತ್ನಾಲ್ಕು ವರ್ಷ, ಆದರೂ ಒಂದು ದಿನ ಇನ್ನೊಬ್ಬರ ಕೈ ನೋಡಿದವರಲ್ಲ. ನಾನು ಮೆಚ್ಚುವುದು ಅದನ್ನೇ.

10 ಜುಲೈ, ಭಾನುವಾರ

ನಿನ್ನೆ ಇವರು ಬಂದರು. ಎಲ್ಲ ಕೇಳಿ, "ಹೊರಗ ಕಟ್ಟಿಹಾಕು, ಮುಗೀತು" ಎಂದರು. ಅಂಗಳದ ಗೂಟಕ್ಕೆ ಕಟ್ಟಿಸಿದೆ. ಮಳೆ ಶುರುವಾಗಿ, ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಬಿಚ್ಚಿ ಒಳಗೆ ತಂದು ಸೆರಗಿನಿಂದ ಒರೆಸುತ್ತಿದ್ದರು.

"ಮಳ್ಯಾಗ ನೆನೀತದ. ಮೂಕ ಪ್ರಾಣಿ, ಅದಕೇನ್ ಬಾಯಿ ಅದೇನು?" ಎಂದರು.

ಇಂದು ಬೆಳಿಗ್ಗೆ ನೋಡಿದರೆ ಪರಸಿ ಮತ್ತೆ ಹಸಿ. ಅವರ ಮುದ್ದಿನಿಂದಲೇ ಅದು ಕೆಡುತ್ತಿದೆ ಎಂದು ಇವರ ಮುಂದೆ ಹೇಳಿದೆ. ಅತ್ತೆಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

17 ಜುಲೈ, ಭಾನುವಾರ

ಇಂದು ಸಾಕ್ಷಿಯೂ ಸಿಕ್ಕಿತು. ನಾನು ಕಸಬರಿಗೆ ಹಿಡಿದು ಪಡಸಾಲೆಗೆ ಬಂದೆ. ಚಂದ್ಯಾ ನನ್ನನ್ನು ನೋಡಿ ನೆಲಕ್ಕೆ ಅಂಟಿಕೊಂಡು, ಕಿವಿ ಹಿಂದಕ್ಕೆ ಮಾಡಿ, ನನ್ನ ಕಣ್ಣೆದುರೇ ಮಲಗಿದಲ್ಲೇ ಉಚ್ಚೆ ಬಿಟ್ಟಿತು. ಇವರೂ ನೋಡಿದರು. ಇಷ್ಟು ದಿನ ಕದ್ದು ಮಾಡುತ್ತಿತ್ತು, ಈಗ ಎದುರಿಗೇ ಮಾಡುವಷ್ಟು ಸೊಕ್ಕು. ಕಸಬರಿಗೆಯ ಹಿಡಿಯಿಂದ ಹೊಡೆದೆ. ಎಷ್ಟು ಹೊಡೆದೆನೋ. ಅತ್ತೆ ಓಡಿ ಬಂದು ನನ್ನ ಕೈ ಹಿಡಿದರು.

"ಬಿಡಬೇ! ಸಾಯಿಸ್ತಿ ಏನು ಅದನ್ನ?"

ಹದಿನೆಂಟು ವರ್ಷದಲ್ಲಿ ಅತ್ತೆ ನನ್ನ ಕೈ ಹಿಡಿದು ತಡೆದದ್ದು ಇದೇ ಮೊದಲು. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಅತ್ತರು. ಒಂದು ನಾಯಿಗಾಗಿ ಇಷ್ಟೊಂದು ಯಾಕೆ ಎಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

22 ಜುಲೈ, ಶುಕ್ರವಾರ

ದನಗಳಿಗೆ ಮಳೆಗಾಲದ ಸೂಜಿ ಹಾಕಲು ಅಫಜಲಪುರದಿಂದ ದನದ ಡಾಕ್ಟರು ಬಂದಿದ್ದರು. ಕರೀಮಸಾಬ ಎಂದು ಹೆಸರು, ವಯಸ್ಸಾದವರು, ಮೆತ್ತಗೆ ಮಾತನಾಡುತ್ತಾರೆ. ಶಾಲೆಯ ಮುಂದೆಯೇ ಕುಳಿತಿದ್ದರಿಂದ ಸಂಕೋಚ ಬಿಟ್ಟು ಕೇಳಿದೆ. ಅವರು ನಗಲಿಲ್ಲ, ಅದೇ ನನಗೆ ಸಮಾಧಾನ.

"ನೀರು ಭಾಳ ಕುಡೀತದೇನ್ರಿ ಅಕ್ಕೋರ? ಉಚ್ಚಿ ಮಾಡುವಾಗ ಮುಲುಗತದೇನು? ರಕ್ತ?"

ಏನೂ ಇಲ್ಲ ಎಂದೆ.

"ಮತ್ತ ಮನ್ಯಾಗ ಏನರ ಬದಲಾಗೇದೇನು? ಹೊಸಬರು ಬಂದಾರೇನು, ಯಾರದರ ತಬ್ಯತ್ ಕೆಟ್ಟದೇನು? ಕಲ್ತ ನಾಯಿ ಒಮ್ಮಿಗಲೇ ಕೆಡೂದಿಲ್ರಿ. ಕೆಟ್ಟಿತು ಅಂದ್ರ ಏನೋ ಕಾರಣ ಇರತದ."

ಏನೂ ಬದಲಾಗಿಲ್ಲ ಎಂದೆ. ಎಷ್ಟು ಖಂಡಿತವಾಗಿ ಹೇಳಿದೆ!

"ಹೊಡದೀರೇನು?"

ಹೌದೆಂದು ತಲೆಯಾಡಿಸಿದೆ.

"ನೋಡ್ರಿ, ನಿಮ್ಮ ಎದುರಿಗಿ ಮಾಡ್ತು ಅಂದ್ರಲ್ಲ, ಅದು ಸೊಕ್ಕಲ್ರಿ. ಅಂಜಿಕಿ. ನೀವೇ ದೊಡ್ಡವರು, ನಾ ಸಣ್ಣಾಂವ, ಮಾಫ್ ಮಾಡ್ರಿ ಅಂತ ಅದು ಕೇಳೂ ರೀತಿನೇ ಅದು. ಅದಕ್ಕ ಹೊಡದ್ರ ಮತ್ತಿಷ್ಟು ಮಾಡತದ. ಎದುರ ನಿಂದರಬ್ಯಾಡ್ರಿ, ಮಗ್ಗಲಾಗಿ ಕೂಡ್ರಿ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಅದಾಗೇ ಬರಲಿ. ಮತ್ತ ಮೊದಲಿನಂಗ ಹೊತ್ತು ಹೊತ್ತಿಗಿ ಹೊರಗ ಒಯ್ರಿ. ಜಾಗಾಕ್ಕ ಬಿಸಿನೀರು, ಸೋಡಾ ಹಾಕಿ ತಿಕ್ಕ್ರಿ. ವಾಸನಿ ಉಳದ್ರ ಅಲ್ಲಿಗೇ ಬರತದ."

ಸಂಜೆ ಮನೆಗೆ ಬಂದು ಚಂದ್ಯಾನ ಕಡೆ ಬೆನ್ನು ಮಾಡಿ ಕುಳಿತೆ. ಬಹಳ ಹೊತ್ತಾದ ಮೇಲೆ ಬಂದು ನನ್ನ ಸೆರಗು ಮೂಸಿತು.

26 ಜುಲೈ, ಮಂಗಳವಾರ

ನಾಲ್ಕು ದಿನ ಡಾಕ್ಟರು ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಹೊರಗೆ ಒಯ್ದೆ. ಊಟದ ಬಿಡುವಿಗೆ ಶಾಲೆಯಿಂದ ಓಡಿ ಬಂದು ಒಯ್ದೆ. ಬೇವಿನ ಬುಡಕ್ಕೆ ಹೋದ ಕೂಡಲೇ ಮಾಡುತ್ತದೆ, ಮಾಡಿ ನನ್ನ ಮುಖ ನೋಡುತ್ತದೆ. ರೊಟ್ಟಿ ಕೊಟ್ಟೆ. ಕೈ ನೆಕ್ಕಿತು. ನಿನ್ನೆ ಗೆದ್ದೆ ಎಂದುಕೊಂಡೆ.

ಇಂದು ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಕೆರೆ. ಅದೂ ಚಂದ್ಯಾನನ್ನು ಹೊರಗೆ ಒಯ್ದು ಬಂದ ಮೇಲೆ, ನಾನು ಒಲೆ ಹಚ್ಚುವ ಹೊತ್ತಿಗೆ!

ಹೊಡೆಯಲಿಲ್ಲ. ಆದರೆ ಮನಸ್ಸು ಕಲ್ಲಾಯಿತು. ಹೊಡೆದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಇಷ್ಟು ಮಾಡಿದ ಮೇಲೂ ಅದು ಹೀಗೆ ಮಾಡಿತಲ್ಲ ಎಂಬ ಸಿಟ್ಟು. ನಾನು ಕಲಿಸಿ ಸೋತದ್ದು ಇದೊಂದೇ.

31 ಜುಲೈ, ಭಾನುವಾರ

ಕೊಳಕೂರದಲ್ಲಿ ಮಲ್ಕಪ್ಪ ಎಂಬ ರೈತ, ಇವರು ಅವನ ಹೊಲ ಅಳೆದಾಗಿನಿಂದ ಪರಿಚಯ. ಹೊಲದ ಮನೆಗೆ ನಾಯಿ ಬೇಕೆಂದಿದ್ದನಂತೆ. ನಾಳೆ ಇವರು ಒಯ್ಯುತ್ತಾರೆ.

ಅತ್ತೆ, "ಇರಲಿ ಬಿಡು ಶಿವಕಾಂತಾ. ನಾ ತೊಳೀತೇನಿ ದಿನಾ. ನಿನಗ ತ್ರಾಸ ಕೊಡಂಗಿಲ್ಲ" ಎಂದರು. ಈ ವಯಸ್ಸಿನಲ್ಲಿ ನೀವು ನಾಯಿಯ ಉಚ್ಚೆ ತೊಳೆಯುವುದು ಬೇಡ ಎಂದೆ.

1 ಆಗಸ್ಟ್, ಸೋಮವಾರ

ಹೋಯಿತು. ಗೋಣಿಚೀಲದಲ್ಲಿ ಇಳಿಸುವಾಗ ಒದ್ದಾಡಲಿಲ್ಲ, ತಲೆ ಮಾತ್ರ ಹೊರಗೆ ಹಾಕಿ ಕುಳಿತಿತ್ತು. ಎಲ್ಲೋ ತಿರುಗಾಡಿಸಲು ಒಯ್ಯುತ್ತಾರೆ ಎಂದುಕೊಂಡಿರಬೇಕು.

ನಾನು ಶಾಲೆಗೆ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಶಿವಕಾಂತಾ, ಒಂದು ಮಾತು ಹೇಳೂದಿತ್ತು" ಎಂದರು. ಗಂಟೆ ಬಾರಿಸುವ ಹೊತ್ತಾಗಿತ್ತು. "ಬಂದ ಮ್ಯಾಲ ಹೇಳ್ರಿ" ಎಂದು ಹೋದೆ. ಬಂದ ಮೇಲೆ ಕೇಳಿದರೆ, "ಏನಿಲ್ಲ, ಮರತೆ" ಎಂದರು. ಇಡೀ ದಿನ ಉಂಡಿರಲಿಲ್ಲ. ನೀರು ಮಾತ್ರ ಚರಿಗೆಗಟ್ಟಲೆ ಕುಡಿದಿದ್ದರು.

4 ಆಗಸ್ಟ್, ಗುರುವಾರ

ಮನೆ ಸ್ವಚ್ಛವಾಗಿದೆ. ನೆಲ ಒಣಗಿದೆ. ಸಂಜೆ ಬಾಗಿಲು ತೆರೆದಾಗ ಏನೂ ಓಡಿ ಬರುವುದಿಲ್ಲ.

ಅತ್ತೆ ನಾನು ಏಳುವುದಕ್ಕೂ ಮುಂಚೆ ಎದ್ದು ಪಡಸಾಲೆ ಒರೆಸಿ ಮುಗಿಸಿರುತ್ತಾರೆ. ಬೇಸರ ಕಳೆಯಲು ಎನ್ನುತ್ತಾರೆ.

8 ಆಗಸ್ಟ್, ಸೋಮವಾರ

ಪರಸಿ ಹಸಿ ಇತ್ತು. ಅದೇ ಜಾಗ.

ಮಾಡು ಸೋರಿದೆಯೇ ಎಂದು ಮೇಲೆ ನೋಡಿದೆ. ಸೋರಿಲ್ಲ. ಬಗ್ಗಿ ಮೂಸಿದೆ.

ನಾಯಿ ಹೋಗಿ ಎಂಟು ದಿನವಾಯಿತು.

9 ಆಗಸ್ಟ್, ಮಂಗಳವಾರ

ಇಂದು ರಜೆ ಹಾಕಿದೆ. ನಿನ್ನೆ ಯಾರಿಗೂ ಏನೂ ಹೇಳಿರಲಿಲ್ಲ, ಒರೆಸಿ ಸುಮ್ಮನಿದ್ದೆ. ಆದರೆ ಪರಸಿಯ ಸಂದಿಯಲ್ಲಿ ಇರುವೆ ಮುತ್ತಿಕೊಂಡದ್ದನ್ನು ಪಕ್ಕದ ಮನೆಯ ಮೆಹರಾಜಬೇಗಂ ನೋಡಿಬಿಟ್ಟರು. ಮಜ್ಜಿಗೆ ಕೇಳಲು ಬಂದವರು ಅಲ್ಲೇ ನಿಂತರು.

"ಏನ್ ಚೆಲ್ಲೀರಿ ಇಲ್ಲಿ? ಬೆಲ್ಲದ ನೀರೇನು?"

ನಾಯಿಯ ಉಚ್ಚೆಯ ಜಾಗ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

"ನಾಯಿ ಎಲ್ಲದರಿ ಈಗ?" ಎಂದವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನಮ್ಮ ಮನಿಯವರಿಗಿ ಸಕ್ಕರಿ ಬ್ಯಾನಿ ಇತ್ತಲ್ರಿ, ಮೊದಲ ತಿಳದದ್ದೇ ಇರಬಿಯಿಂದ. ಬಚ್ಚಲದಾಗ ಹಿಂಗೇ ಮುತ್ತುತಿದ್ವು. ತಡಿಯಾಕ ಆಗತಿರಲಿಲ್ಲ ಅವರಿಗಿ, ಬಚ್ಚಲ ಮುಟ್ಟೂದ್ರಾಗ ಆಗಿಬಿಡತಿತ್ತು. ಎಷ್ಟ್ ಶರಮ ಪಡತಿದ್ರು ಪಾಪ. ನಿಮ್ಮ ಅತ್ತಿಗಿ ತೋರಸ್ರಿ. ಎಷ್ಟ್ ಬಡವ ಆಗ್ಯಾರ, ನೋಡೀರಿಲ್ಲೋ?"

ನೋಡಿರಲಿಲ್ಲ. ದಿನಾ ಒಂದೇ ಮನೆಯಲ್ಲಿ ಇದ್ದೇನೆ. ಅವರ ಬಳೆ ಮೊಣಕೈ ತನಕ ಜಾರುವುದನ್ನು ಇವತ್ತು ನೋಡಿದೆ. ನಾಯಿ ಎಲ್ಲಿ, ಯಾವಾಗ, ಎಷ್ಟು ಹೊತ್ತಿಗೆ ಮಾಡಿತು ಎಂದು ಇದೇ ವಹಿಯಲ್ಲಿ ತಿಂಗಳಿಡೀ ಬರೆದಿದ್ದೇನೆ.

10 ಆಗಸ್ಟ್, ಬುಧವಾರ

ಬೆಳಿಗ್ಗೆ ಅತ್ತೆ ಹಿತ್ತಲ ಕಲ್ಲಿನ ಮೇಲೆ ಸೀರೆ ಒಗೆಯುತ್ತಿದ್ದರು. ನಾನು ಹತ್ತಿರ ಹೋಗಿ, "ಅತ್ತಿ, ನಾ ಒಗೀತೇನಿ, ಕೊಡ್ರಿ" ಎಂದೆ. ಕೊಡಲಿಲ್ಲ. ನಾನೂ ಬಿಡಲಿಲ್ಲ. ಒದ್ದೆ ಸೀರೆಯ ಒಂದು ತುದಿ ಅವರ ಕೈಯಲ್ಲಿ, ಒಂದು ನನ್ನ ಕೈಯಲ್ಲಿ.

"ನಿನಗ ತಿಳೀತು," ಎಂದರು.

"ತಿಳೀತ್ರಿ."

"ಎಂದಿನಿಂದ?"

"ಮೊನ್ನಿಯಿಂದ."

"ಅಂದ್ರ ಅದು ಹೋದ ಮ್ಯಾಲ," ಎಂದು ಸೀರೆ ಬಿಟ್ಟುಬಿಟ್ಟರು. ನಾನು ಅವರ ಪಕ್ಕದಲ್ಲಿ ಹಸಿ ನೆಲದ ಮೇಲೆಯೇ ಕುಳಿತೆ. ಅವರು ನನ್ನ ಮುಖ ನೋಡದೆ, ಬಕೀಟಿನ ನೀರಿಗೆ ಹೇಳುವಂತೆ ಹೇಳಿದರು.

"ಮೊದಲನೇ ದಿನ ಹಿತ್ತಲಕ ಹೊಂಟಿದ್ದೆ, ದಾರ್ಯಾಗೇ ಆಗಿಬಿಡ್ತು. ಅರಿವೆ ತಂದು ಒರಸಬೇಕನ್ನೂದ್ರಾಗ ನೀ ಬಂದಿ. ನಾ ಬಾಯಿ ತಗಿಯೂ ಮೊದಲ ನೀ ಅದರ ಹೆಸರು ತೊಗೊಂಡಿ. ಸುಮ್ಮ ಕೂತೆ. ಒಮ್ಮಿ ಸುಮ್ಮ ಕೂತ ಮ್ಯಾಲ ಎರಡನೇ ಸಲ ಹ್ಯಾಂಗ ಹೇಳಲಿ ಬೇ? ಹೇಳೇ ಬಿಡಬೇಕಂತ ಮಾಡಿದ್ದೆ ಒಂದಿನ. ಅವತ್ತೇ ನೀ ಊಟಕ್ಕ ಕೂತಾಗ ಆ ಹುಡುಗೀ ಸುದ್ದಿ ಹೇಳ್ದಿ. ನೆಲ ಒರಿಸಿಸಿ ಹೊರಗ ನಿಂದರಸೇನಿ ಅಂದಿ. ನಗಾಕತ್ತಿದ್ದಿ ನೀ."

ನಾನು ಸೀರೆಯನ್ನು ಬಕೀಟಿಗೆ ಅದ್ದಿದೆ.

"ಮಳ್ಯಾಗ ನೆನೀತದಂತ ಅದನ್ನ ಬಿಚ್ಚಿ ಒಳಗ ತರತಿದ್ದೆ. ಹಂಗಂತ ನನಗ ನಾ ಹೇಳಕೊಂಡೆ. ಆದ್ರ ಅದು ಒಳಗಿದ್ರ ನನಗ ಧೈರ್ಯ ಇರತಿತ್ತು, ನೀ ಅದರ ಮ್ಯಾಲ ಹಾಕ್ತಿ ಅಂತ. ಅದು ಹೊಡತ ತಿಂದು ನನ್ನ ಮಂಚದ ಬುಡಕೇ ಬಂದು ಮಲಗತಿತ್ತು ಶಿವಕಾಂತಾ. ನನ್ನ ಕೈ ನೆಕ್ಕತಿತ್ತು."

ಇದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಸೀರೆ ಹಿಂಡಿ ಒಣಹಾಕಿದೆ. ಅವರು ಕೇಳಿದ್ದು ಒಂದೇ: "ಬಸವಂತಗ ಹೇಳಬ್ಯಾಡ. ಮಗಾ ಅವ."

13 ಆಗಸ್ಟ್, ಶನಿವಾರ, ಗುಲಬರ್ಗಾ

ದವಾಖಾನೆ. ಸಕ್ಕರೆ ಬಹಳ ಏರಿದೆ. ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಹುಣ್ಣಾಗಿ ಕೀವು ತುಂಬಿದೆ. ಅದು ನೋಯುತ್ತಲೇ ಇರಲಿಲ್ಲವಂತೆ, ಅತ್ತೆಗೂ ಗೊತ್ತಿರಲಿಲ್ಲ. ಡಾಕ್ಟರು, "ಎಷ್ಟು ದಿನದಿಂದ ಹೀಗೆ ತಡೆಯಲಾರದೆ ಮೂತ್ರವಾಗುತ್ತಿದೆ?" ಎಂದು ನನ್ನನ್ನು ಕೇಳಿದರು. ಜೂನ್ ಇಪ್ಪತ್ತೇಳರಿಂದ ಎಂದೆ. ಇಷ್ಟು ಸರಿಯಾಗಿ ತಾರೀಖು ಹೇಳುವವರು ಕಡಿಮೆ ಎಂದರು. ಇಷ್ಟು ದಿನ ಯಾಕೆ ತರಲಿಲ್ಲ ಎಂದೂ ಕೇಳಿದರು.

ಇವರು ಜೇವರ್ಗಿಯಿಂದ ಓಡಿ ಬಂದಿದ್ದಾರೆ. ಸಕ್ಕರೆ ಬೇನೆ ಎಂದಷ್ಟೇ ಹೇಳಿದ್ದೇನೆ.

17 ಆಗಸ್ಟ್, ಬುಧವಾರ

ಪಂಚಮಿ. ವಾರ್ಡಿನ ಕಿಟಕಿಯಿಂದ ಜೋಕಾಲಿ ಕಾಣುತ್ತಿತ್ತು. ಕಿರುಬೆರಳು ತೆಗೆದಿದ್ದಾರೆ. ಪಾದ ಉಳಿಯಿತು. ಅತ್ತೆಗೆ ಮಂಚದಲ್ಲೇ ಪಾತ್ರೆ ಇಡಬೇಕು. ಮೊದಲ ದಿನ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಇಂದು, "ಮಗ್ಗಲದಾಕಿಗೂ ಒಂದ್ ಪಾತ್ರಿ ತಂದಕೊಡು, ಕೂಗಿ ಕೂಗಿ ಸಾಕಾಗೇದ ಆಕಿಗಿ" ಎಂದರು. ತಂದುಕೊಟ್ಟೆ, ಚೆಲ್ಲಿ ತೊಳೆದೆ. ಆಮೇಲೆ ಆಚೆ ಮೂಲೆಯವರೂ ಕೇಳಿದರು.

4 ಸೆಪ್ಟೆಂಬರ್, ಭಾನುವಾರ

ಮನೆಗೆ ಬಂದು ಎಂಟು ದಿನ. ಗುಳಿಗೆ ಹಿಡಿದಿದೆ, ನೀರಿನ ದಾಹ ತಗ್ಗಿದೆ. ಅತ್ತೆಯ ಮಂಚವನ್ನು ಹಿತ್ತಲ ಬಾಗಿಲ ಪಕ್ಕಕ್ಕೆ ಸರಿಸಿದ್ದೇವೆ. ಬಾಗಿಲ ಹೊರಗೇ ಒಂದು ಚಿಕ್ಕ ಮೋರಿ ಕಟ್ಟಿಸಿ ಬಿದಿರ ತಟ್ಟಿಯ ಮರೆ ಮಾಡಿಸಿದೆ. ಇವರು ಯಾಕೆ ಎಂದು ಕೇಳಿದಾಗ ನಾನು ಹೇಳುವುದಕ್ಕೆ ಮೊದಲೇ ಅತ್ತೆ ಎಲ್ಲ ಹೇಳಿಬಿಟ್ಟರು, ನಾಯಿಯ ಮಾತೂ ಸೇರಿ. ಇವರು, "ಹೇಳಬಾರದಿತ್ತೇನವ್ವಾ" ಎಂದರು. ಅಷ್ಟೇ. ಆಮೇಲೆ ನನ್ನ ಕಡೆ ನೋಡಿದರು.

ಚಂದ್ಯಾನನ್ನು ವಾಪಸು ತರಲು ಹೇಳಿದೆ. ಮಲ್ಕಪ್ಪನ ಹೊಲದಲ್ಲಿ ಚೆನ್ನಾಗಿದೆ, ಕಾಡುಹಂದಿ ಬಾರದಂತೆ ಬೆಳೆ ಕಾಯುತ್ತದೆ, ಕೇಳುವುದು ಹೇಗೆ ಎಂದರು. ಅತ್ತೆ, "ಕಾಲು ಮಾಯಲಿ, ನಾನೇ ಹೋಗಿ ಕೇಳ್ತೇನಿ" ಎಂದಿದ್ದಾರೆ.

ಹೆಡ್ ಮಾಸ್ತರರು ನನ್ನ ತರಗತಿಯಲ್ಲಿ ಗದ್ದಲ ಹೆಚ್ಚಾಗಿದೆ, ಮಕ್ಕಳು ಕೇಳದೆಯೇ ಎದ್ದು ಹೊರಗೆ ಹೋಗುತ್ತಾರೆ ಎಂದು ಕರೆದು ಹೇಳಿದರು. ಹೌದೇನೋ. ನಾನು ಲಕ್ಷ್ಯ ಕೊಟ್ಟಿಲ್ಲ. ಬಡಿಗೆ ಎಲ್ಲಿಟ್ಟೆನೋ ಸಿಗುತ್ತಿಲ್ಲ.

23 ಅಕ್ಟೋಬರ್, ಭಾನುವಾರ

ದಸರಾ ರಜೆ. ಕೊಳಕೂರಕ್ಕೆ ಹೋಗಿ ಬಂದೆವು, ನಾನು ಮತ್ತು ಅತ್ತೆ. ಇವರು ಜೇವರ್ಗಿಯಲ್ಲಿ ಬಸ್ಸು ಹತ್ತಿಸಿ, ಭಾನುವಾರವೂ ಕಚೇರಿಯ ಕೆಲಸವಿದೆ ಎಂದು ಅಲ್ಲೇ ಉಳಿದರು.

ಮಲ್ಕಪ್ಪ ರಸ್ತೆಗೆ ಬಂದು ಕರೆದೊಯ್ದ. ತೊಗರಿ ಎದೆಯೆತ್ತರ ಬೆಳೆದು ಹಳದಿ ಹೂ ಬಿಟ್ಟಿತ್ತು. ಹೊಲದ ಮನೆಯ ಹತ್ತಿರ ಬಂದಾಗ ತೊಗರಿಯ ಸಾಲಿನಿಂದ ಒಂದು ದೊಡ್ಡ ನಾಯಿ ಬೊಗಳುತ್ತ ಬಂತು. ನನಗೆ ಗುರುತೇ ಸಿಗಲಿಲ್ಲ. ಅತ್ತೆ "ಚಂದ್ಯಾ" ಎಂದರು. ಅದು ಬೊಗಳುವುದನ್ನು ಅರ್ಧಕ್ಕೇ ನಿಲ್ಲಿಸಿತು. ಆಮೇಲೆ ಬಂದ ರಭಸಕ್ಕೆ ಅತ್ತೆಯನ್ನು ಕೆಡವಿಯೇಬಿಡುತ್ತದೆಂದು ನಾನು ಹಿಡಿಯಲು ಹೋದೆ. ಅವರು ತಾವೇ ನೆಲಕ್ಕೆ ಕುಳಿತರು. ಅದು ಅವರ ಮುಖ, ಕೈ, ಕಾಲು ಎಲ್ಲ ನೆಕ್ಕಿತು. ಬೆರಳಿಲ್ಲದ ಪಾದವನ್ನು ಬಹಳ ಹೊತ್ತು ಮೂಸಿತು.

"ತಪ್ಪಾತಪ್ಪಾ, ನನ್ನಿಂದ ತಪ್ಪಾತು," ಎಂದು ಅತ್ತೆ ಅದರ ಕುತ್ತಿಗೆ ಹಿಡಿದುಕೊಂಡು ಹೇಳುತ್ತಲೇ ಇದ್ದರು. ಮಲ್ಕಪ್ಪ ಏನೂ ತಿಳಿಯದೆ ರುಮಾಲು ಸರಿಮಾಡಿಕೊಳ್ಳುತ್ತ ನಿಂತಿದ್ದ.

ನಾನು ಒಂದು ಹೆಜ್ಜೆ ಮುಂದೆ ಬಂದೆ. "ಚಂದ್ಯಾ" ಎಂದೆ, ಮೆಲ್ಲಗೇ ಎಂದೆ.

ಅದು ತಿರುಗಿ ನೋಡಿತು. ಅಷ್ಟು ದೊಡ್ಡ ನಾಯಿ, ಹಂದಿಯ ಹಿಂಡಿಗೆ ಎದುರು ನಿಲ್ಲುವ ನಾಯಿ, ಕಿವಿ ಹಿಂದಕ್ಕೆ ಮಾಡಿ ಹೊಟ್ಟೆಯ ಮೇಲೆ ಮಣ್ಣಿಗೆ ಅಂಟಿಕೊಂಡಿತು. ಅದರ ಕೆಳಗಿನ ಮಣ್ಣು ಒದ್ದೆಯಾಗುತ್ತ ಬಂತು.

ಮಲ್ಕಪ್ಪ ಗಾಬರಿಯಾದ. "ಅರೇ, ಹಿಂಗ್ಯಾಕ ಮಾಡ್ತು! ನಮ್ಮ ಕಡಿಗಿ ಬಂದು ಮೂರು ತಿಂಗಳಾತ್ರಿ, ಒಂದಿನಾ ಹಿಂಗ ಮಾಡಿಲ್ಲ. ಗುಡಸಲ ಒಳಗ ಮಕ್ಕೊಂತದ, ಒಂದ್ ಹನಿ ಇಲ್ಲ ನೋಡ್ರಿ."

ಬದುವಿನ ಮೇಲೆ ಮಗ್ಗಲಾಗಿ, ತೊಗರಿಯ ಕಡೆ ಮುಖ ಮಾಡಿ ಕುಳಿತೆ. ಅವನ ಹೆಂಡತಿ ಚಹಾ ತಂದಳು, ಕುಡಿದೆ. ಅತ್ತೆ ಅವಳೊಡನೆ ಸಕ್ಕರೆ ಬೇನೆಯ ಪಥ್ಯದ ಬಗ್ಗೆ ಮಾತನಾಡಿದರು. ಒಂದು ತಾಸು ಕುಳಿತಿರಬೇಕು. ಚಂದ್ಯಾ ಬರಲಿಲ್ಲ. ಅತ್ತೆಯ ಹಿಂದೆ ಮಲಗಿ ನನ್ನ ಬೆನ್ನನ್ನೇ ನೋಡುತ್ತಿತ್ತಂತೆ. ನಾನು ತಿರುಗಿ ನೋಡಲಿಲ್ಲ.

ಹೊರಡುವಾಗ ಮಲ್ಕಪ್ಪನೇ, "ಒಯ್ಯೂದಿದ್ರ ಒಯ್ರಿ ಅವ್ವಾರ, ನಿಮ್ಮದೇ ಅದ" ಎಂದ. ಅತ್ತೆ ನನ್ನ ಕಡೆ ನೋಡಿದರು. ನಾನು ಬೇಡ ಎಂದೆ. ನಮ್ಮ ಮನೆಯ ಬಾಗಿಲಲ್ಲಿ ಅದು ದಿನಾ ನನ್ನನ್ನು ನೋಡಬೇಕಾಗುತ್ತದೆ. ಅತ್ತೆ ಅದರ ತಲೆ ಸವರಿ ಎದ್ದರು. ರಸ್ತೆಯ ತನಕ ಅವರ ಪಕ್ಕದಲ್ಲೇ ಬಂತು, ನಾನಿರುವ ಮಗ್ಗಲು ಬಿಟ್ಟು.

ಬಸ್ಸಿನಲ್ಲಿ ಜನ ತುಂಬಿದ್ದರು. ಜೇವರ್ಗಿ ಇನ್ನೂ ದೂರವಿರುವಾಗ ಅತ್ತೆ ನನ್ನ ತೋಳು ಹಿಡಿದು, ಪಿಸುಮಾತಿನಲ್ಲಲ್ಲ, ಎಲ್ಲರಿಗೂ ಕೇಳುವಂತೆ, "ಶಿವಕಾಂತಾ, ನನಗ ತಡಿಯಾಕ ಆಗೂದಿಲ್ಲ. ಬಸ್ ನಿಂದರಸು" ಎಂದರು.

ನಾನು ಎದ್ದು ನಿಂತು ಕೂಗಿದೆ. ಡ್ರೈವರು ನಿಲ್ಲಿಸಿದ. ಯಾರೋ ನಕ್ಕರು. ಅತ್ತೆಯನ್ನು ಇಳಿಸಿಕೊಂಡು, ಜಾಲಿಯ ಪೊದೆಯ ಆಚೆ ಕೂರಿಸಿ, ಸೆರಗನ್ನು ಎರಡೂ ಕೈಯಿಂದ ಅಗಲಿಸಿ ಮರೆಯಾಗಿ ನಿಂತೆ. ಬಸ್ಸಿನ ಎಲ್ಲ ಕಿಟಕಿಗಳೂ ನಮ್ಮ ಕಡೆಗೇ ಇದ್ದವು.

"ಆತೇನ್ರಿ ಅತ್ತಿ?"

"ಇನ್ನೂ ಇಲ್ಲ. ನಿಂದ್ರು ಜರಾ."

ನಿಂತೆ.